ಅಡುಗೆಕೋಣೆಯ ಪತ್ರಗಳು: ಕುಚ್ಚಿಲಕ್ಕಿ, ಕಾವಲಿ, ಉಪ್ಪುಸೊಳೆ

ಈ ಸಲ ಹೊಸರುಚಿ ಕೇಳಿ ಬಂದ ಪತ್ರ ಒಂದೂ ಇಲ್ಲ. ದಿನಾ ಮಾಡುವ ಅಡುಗೆಯೇ ಯಾಕೆ ಕೈಕೊಡುತ್ತದೆ ಅಂತಲೇ ಎಲ್ಲರ ಪ್ರಶ್ನೆ. ನನಗೆ ಇಂಥ ಪತ್ರಗಳೇ ಇಷ್ಟ. ರುಚಿ ಕಲಿಯಲು ಪುಸ್ತಕ ಉಂಟು, ಯೂಟ್ಯೂಬ್ ಉಂಟು. ಪಾತ್ರೆ, ಬೆಂಕಿ, ನೀರಿನ ಲೆಕ್ಕವನ್ನು ಮಾತ್ರ ಯಾರೂ ಕೂತು ಹೇಳಿಕೊಡುವುದಿಲ್ಲ.

ಪ್ರಶ್ನೆ: ಅಕ್ಕಾ, ನಾನು ಕಾಸರಗೋಡಿನ ಮುಳ್ಳೇರಿಯ ಕಡೆಯವನು. ಕೆಲಸಕ್ಕೆ ಬೆಂಗಳೂರಿಗೆ ಬಂದು ಗೆಳೆಯರ ಜೊತೆ ರೂಮು ಮಾಡಿದ್ದೇನೆ. ಬೆಳ್ತಿಗೆ (ಕುಚ್ಚದ ಬಿಳಿ ಅಕ್ಕಿ) ಅನ್ನ ಉಂಡರೆ ಉಂಡ ಹಾಗೇ ಆಗುವುದಿಲ್ಲ ಅಂತ ಊರಿನಿಂದ ಕುಚ್ಚಿಲಕ್ಕಿ ತಂದೆ. ಮೂರು ಲೀಟರಿನ ಕುಕ್ಕರಿನಲ್ಲಿ ಇಟ್ಟರೆ ನೊರೆ ಉಕ್ಕಿ ಒಲೆ ತುಂಬ ಗಂಜಿ. ಎಂಟು ವಿಸಿಲ್ ಹಾಕಿಸಿದರೂ ಅಗುಳಿನ ಒಳಗೆ ಗಟ್ಟಿ, ಹೊರಗೆ ಅಂಟು. ಏನು ಮಾಡಲಿ?
(ಒಬ್ಬ ಯುವಕ, ಬೆಂಗಳೂರು)

ಉತ್ತರ: ತಮ್ಮಾ, ಮೊದಲು ವಿಸಿಲ್ ಎಣಿಸುವುದನ್ನು ಬಿಡು. ವಿಸಿಲ್ ಅಂದರೆ ಜಾಸ್ತಿಯಾದ ಹಬೆ ಹೊರಗೆ ಹೋಗುವುದು, ಅಷ್ಟೆ. ಕುಕ್ಕರಿನ ಒಳಗೆ ಒತ್ತಡ ತುಂಬಿದ ಮೇಲೆ ಶಾಖ ಸುಮಾರು 120 ಡಿಗ್ರಿಯಲ್ಲಿ ನಿಲ್ಲುತ್ತದೆ. ನೀನು ಬೆಂಕಿ ದೊಡ್ಡದು ಮಾಡಿದರೆ ಶಾಖ ಹೆಚ್ಚುವುದಿಲ್ಲ. ಕೂಗು ಹೆಚ್ಚುತ್ತದೆ, ಗ್ಯಾಸು ಖಾಲಿಯಾಗುತ್ತದೆ.

ಕುಚ್ಚಿಲಕ್ಕಿಗೆ ಬೇಕಾದದ್ದು ಹೊತ್ತು. ಭತ್ತವನ್ನು ನೆನೆಸಿ, ಹೊಟ್ಟಿನ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುತ್ತಾರೆ ಅಲ್ವಾ? ಆಗಲೇ ಅಕ್ಕಿಯೊಳಗಿನ ಪಿಷ್ಟ ಒಮ್ಮೆ ಬೆಂದು, ಒಣಗಿ, ಗಟ್ಟಿ ಕಟ್ಟಿರುತ್ತದೆ. ಮೇಲೆ ಕೆಂಪು ತೌಡಿನ ಪದರ ಬೇರೆ. ನೀರು ನಿಧಾನವಾಗಿ ಒಳಗೆ ಇಳಿಯಬೇಕು. ನೀನು ಜೋರು ಬೆಂಕಿ ಕೊಟ್ಟರೆ ಹೊರಗಿನದು ಕರಗಿ ಗಂಜಿಯಾಗುತ್ತದೆ, ನಡುವಿನದು ಹಾಗೇ ಉಳಿಯುತ್ತದೆ.

ಹೀಗೆ ಮಾಡು. ಒಂದು ಲೋಟ ಅಕ್ಕಿಯನ್ನು ನೀರು ತಿಳಿಯಾಗುವ ತನಕ ತೊಳೆ. ಆಫೀಸಿಗೆ ಹೋಗುವಾಗ ನೆನೆಹಾಕಿ ಹೋದರೆ ಇನ್ನೂ ಒಳ್ಳೆಯದು. ಕುಕ್ಕರಿಗೆ ನಾಲ್ಕು ಲೋಟ ನೀರು, ಅಕ್ಕಿ, ಅರ್ಧ ಚಮಚ ತೆಂಗಿನೆಣ್ಣೆ. ಎಣ್ಣೆ ಬಿದ್ದರೆ ನೊರೆ ಅಷ್ಟು ಏಳುವುದಿಲ್ಲ. ಅಕ್ಕಿ, ನೀರು ಎರಡೂ ಸೇರಿ ಕುಕ್ಕರಿನ ಅರ್ಧಕ್ಕಿಂತ ಮೇಲೆ ಬರಬಾರದು. ನಿನ್ನ ಒಲೆ ತುಂಬ ಗಂಜಿಯಾದದ್ದು ಇದೇ ಕಾರಣಕ್ಕೆ ಇರಬೇಕು. ನೊರೆ ಹೋಗಿ ಹಬೆಯ ತೂತು ಕಟ್ಟಿದರೆ ಅಪಾಯವೂ ಹೌದು. ಒಂದು ಕೂಗು ಬಂದ ಕೂಡಲೇ ಬೆಂಕಿ ಪೂರ್ತಿ ಸಣ್ಣ ಮಾಡಿ ಹದಿನೈದು ನಿಮಿಷ ಬಿಡು. ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲಿ. ಆ ಇಳಿಯುವ ಹೊತ್ತೂ ಬೇಯುವ ಹೊತ್ತೇ. ಮುಚ್ಚಳ ತೆಗೆದು, ಬಟ್ಟಲು ಅಡ್ಡ ಹಿಡಿದು ತೆಳಿ (ಗಂಜಿನೀರು) ಬಸಿ. ತೆಳಿಯನ್ನು ಚೆಲ್ಲಬೇಡ. ಉಪ್ಪು, ಒಂದು ಚಮಚ ತುಪ್ಪ ಹಾಕಿ ಬಿಸಿಬಿಸಿ ಕುಡಿ.

ಇದಕ್ಕಿಂತ ಚಂದದ ದಾರಿ ಇನ್ನೊಂದು ಉಂಟು. ನಮ್ಮ ಕಾಸರಗೋಡಿನ ಹಲವು ಮನೆಗಳಲ್ಲಿ ಈಗ ಅನ್ನ ಬೇಯುವುದು ಒಲೆಯ ಮೇಲಲ್ಲ, ಡಬ್ಬಿಯೊಳಗೆ. ಸ್ಟೀಲಿನ ಪಾತ್ರೆಯಲ್ಲಿ ಅಕ್ಕಿಯನ್ನು ಹತ್ತು ಹದಿನೈದು ನಿಮಿಷ ಕುದಿಸಿ, ಪಾತ್ರೆ ಸಮೇತ ದಪ್ಪ ಗೋಡೆಯ ಥರ್ಮಲ್ ಕುಕ್ಕರಿನೊಳಗೆ ಇಳಿಸಿ ಮುಚ್ಚುವುದು. ಒಂದು ಗಂಟೆ ಕಳೆದು ತೆಗೆದರೆ ಬೆಂದಿರುತ್ತದೆ. ತಳ ಹಿಡಿಯುವ ಮಾತೇ ಇಲ್ಲ. ಅಂಗಡಿಗಳಲ್ಲಿ ಈ ಸ್ಟೀಲಿನ ಡಬ್ಬಿ ಸಾಲಾಗಿ ಕೂರುವ ಮೊದಲೇ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಇದೇ ಕ್ರಮದ ಚೂಡಾರಾಪೆಟ್ಟಿಯನ್ನು (ಬಿಸಿ ಆರದ ಪೆಟ್ಟಿಗೆ) ಮನೆಮನೆಗೆ ತಲುಪಿಸಿದ್ದರು. 1962ರಲ್ಲಿ ಶುರುವಾದ ಸಂಘ ಅದು. ವಿಜ್ಞಾನ ಅಂದರೆ ಭಾಷಣ ಅಂದುಕೊಳ್ಳದೆ ಒಲೆ, ಗಂಜಿಯ ತನಕ ಬಂದರು ನೋಡು, ಆ ಕಾರಣಕ್ಕೆ ನನಗೆ ಅವರ ಮೇಲೆ ಗೌರವ.

ಡಬ್ಬಿ ತರಲು ದುಡ್ಡಿಲ್ಲದಿದ್ದರೆ ಬೇಡ. ಕುದಿಯುವ ಪಾತ್ರೆಯನ್ನು ಬಿಗಿಯಾಗಿ ಮುಚ್ಚಿ, ಹಳೆ ಕಂಬಳಿಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸುತ್ತ ಬಟ್ಟೆ ತುರುಕು. ಸ್ವಲ್ಪ ಅಕ್ಕಿ ಮಾತ್ರ ಹಾಕಿದರೆ ಬೇಗ ಆರುತ್ತದೆ. ಪಾತ್ರೆ ಮುಕ್ಕಾಲು ತುಂಬಿರಲಿ. ನಡುವೆ ತೆರೆದು ನೋಡಬೇಡ, ಅಷ್ಟರಲ್ಲೇ ಬಿಸಿ ಹೊರಟು ಹೋಗುತ್ತದೆ. ಮತ್ತೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಮುಳ್ಳೇರಿಯದಲ್ಲಿ ಅಮ್ಮ ಕುದಿಸುವುದಕ್ಕಿಂತ ಐದು ನಿಮಿಷ ಹೆಚ್ಚು ಕುದಿಸಿ ಇಡು.

ಗೆಳೆಯರು ಇದೇ ಡಬ್ಬಿಯಲ್ಲಿ ರಾಜ್ಮಾ ಮಾಡುತ್ತೇವೆ ಅಂದರೆ ಬಿಡಬೇಡ. ರಾಜ್ಮಾದಲ್ಲಿ ಒಂದು ಬಗೆಯ ವಿಷ ಉಂಟು. ಚೆನ್ನಾಗಿ ಕುದಿಸಿದರೆ ಮಾತ್ರ ಅದು ಹೋಗುತ್ತದೆ. ಅರೆಬಿಸಿಯಲ್ಲಿ ಇಟ್ಟರೆ ಹೊಟ್ಟೆ ಕೆಟ್ಟು ಎಲ್ಲರೂ ಮಲಗಬೇಕಾದೀತು. ಅದಕ್ಕೆ ಕುಕ್ಕರೇ ಸರಿ.

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು. ಮದುವೆಯಾಗಿ ಕುಂಬಳೆಗೆ ಬಂದೆ. ಇಲ್ಲಿ ವಾರದಲ್ಲಿ ಮೂರು ದಿನ ಬೆಳಗ್ಗೆ ನೀರುದೋಸೆ. ಅತ್ತೆ ಎರೆದರೆ ಬಟ್ಟೆ ಮಡಚಿದ ಹಾಗೆ ಎದ್ದು ಬರುತ್ತದೆ. ನನಗೆ ಕಾವಲಿಗೇ ಅಂಟುತ್ತದೆ. ಬೀಡಿನ (ಎರಕದ ಕಬ್ಬಿಣದ) ಕಾವಲಿ ಹೊಸದು. ಎಷ್ಟು ತೆಂಗಿನೆಣ್ಣೆ ಸವರಿದರೂ ಅಷ್ಟೆ. ನಾನ್‌ಸ್ಟಿಕ್ ತಗೊಳ್ಳಲಾ?
(ಓದುಗರೊಬ್ಬರು, ಕುಂಬಳೆ)

ಉತ್ತರ: ಬೇಡ ತಂಗಿ, ಅತ್ತೆಯ ಕಾವಲಿ ವರ್ಷಗಟ್ಟಲೆ ಎಣ್ಣೆ ಕುಡಿದದ್ದು. ನಿಮ್ಮದು ಇನ್ನೂ ಕೂಸು. ಎಣ್ಣೆ ಸವರಿದ ಮಾತ್ರಕ್ಕೆ ಕಾವಲಿ ಪಳಗುವುದಿಲ್ಲ. ತೆಳ್ಳಗೆ ಸವರಿದ ಎಣ್ಣೆ ಜೋರು ಬಿಸಿಗೆ ಒಣಗಿ, ಗಟ್ಟಿ ಪದರವಾಗಿ ಕೂರಬೇಕು. ಪದರದ ಮೇಲೆ ಪದರ ಕೂತರೆ ದೋಸೆ ಏಳುತ್ತದೆ. ತೆಂಗಿನೆಣ್ಣೆಗೆ ಹಾಗೆ ಒಣಗುವ ಗುಣ ತೀರಾ ಕಡಿಮೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಗಟ್ಟಿ ಕೊಬ್ಬು. ಅದಕ್ಕೇ ಡಿಸೆಂಬರಿನ ಚಳಿಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವುದು. ನಮ್ಮೂರಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆಯೇ ನಿಜ. ಆದರೆ ಹೊಸ ಕಾವಲಿ ಪಳಗಿಸುವ ಕೆಲಸಕ್ಕೆ ಎಳ್ಳೆಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ತನ್ನಿ.

ಕಾವಲಿಯನ್ನು ಒಮ್ಮೆ ಚೆನ್ನಾಗಿ ಉಜ್ಜಿ ತೊಳೆದು, ಒಲೆಯ ಮೇಲಿಟ್ಟು ನೀರಿನ ಪಸೆ ಆರಿಸಿ. ಬಟ್ಟೆಯಲ್ಲಿ ಎಳ್ಳೆಣ್ಣೆ ಸವರಿ, ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಎಣ್ಣೆ ಇಲ್ಲವೇ ಇಲ್ಲ ಅನ್ನಿಸುವಷ್ಟು ತೆಳು ಇರಲಿ. ಜಾಸ್ತಿ ಹಾಕಿದರೆ ಅಂಟು ಅಂಟಾಗಿ ಹಾಳು. ಹೊಗೆ ಬಂದು ನಿಲ್ಲುವ ತನಕ ಕಾಯಿಸಿ, ಆರಲು ಬಿಡಿ. ಇದನ್ನೇ ಇನ್ನು ನಾಲ್ಕೈದು ಸಲ ಮಾಡಿ. ಆಮೇಲೆ ಮೊದಲ ವಾರ ಉದ್ದಿನ ದೋಸೆ ಮಾತ್ರ ಎರೆಯಿರಿ. ನೀರುದೋಸೆಯನ್ನು ಹೊಸ ಕಾವಲಿಯ ಮೇಲೆ ಪರೀಕ್ಷೆ ಮಾಡುವುದು ಸುಮ್ನೆ ಮನಸ್ಸು ಕೆಡಿಸಿಕೊಳ್ಳಲಿಕ್ಕೆ. ಚಪಾತಿಗೆ ಈ ಕಾವಲಿ ಮುಟ್ಟಬೇಡಿ. ಹುಣಸೆಹುಳಿ ಹಾಕಿ ತಿಕ್ಕಬೇಡಿ, ಕೂತ ಪದರ ಎದ್ದು ಹೋಗುತ್ತದೆ. ಮಳೆಗಾಲದಲ್ಲಿ ತೊಳೆದು ಹಾಗೇ ಇಟ್ಟರೆ ಬೆಳಗಾಗುವಾಗ ತುಕ್ಕು. ಒಲೆಯ ಮೇಲೆ ಒಣಗಿಸಿ ಎಣ್ಣೆ ಮುಟ್ಟಿಸಿಯೇ ಇಡಿ.

ಇನ್ನು ಹಿಟ್ಟು. ಹಳೆ ಬೆಳ್ತಿಗೆ ಅಕ್ಕಿ ಎರಡು ಲೋಟ, ನಾಲ್ಕು ಗಂಟೆ ನೆನೆಯಲಿ. ಅರ್ಧ ಲೋಟ ತೆಂಗಿನತುರಿ ಹಾಕಿ ನುಣ್ಣಗೆ ಅರೆಯಿರಿ. ಕೈಗೆ ತರಿ ಸಿಗಬಾರದು. ಉಪ್ಪು ಹಾಕಿ ಹಾಲಿನಷ್ಟು ತೆಳು ಮಾಡಿ. ಹೊಸ ಅಕ್ಕಿಯಾದರೆ ದೋಸೆ ಮೆತ್ತಗಾಗಿ ಮುದ್ದೆ ಬರುತ್ತದೆ. ಮುಖ್ಯ ಮಾತು, ಒಂದೊಂದು ದೋಸೆಗೂ ಹಿಟ್ಟನ್ನು ತಳದಿಂದ ಕಲಕಬೇಕು. ಉದ್ದು ಇಲ್ಲದ ಹಿಟ್ಟು ಇದು, ಅಕ್ಕಿ ಬೇಗ ತಳಕ್ಕೆ ಕೂರುತ್ತದೆ. ಕಲಕದಿದ್ದರೆ ಮೊದಲ ದೋಸೆ ನೀರು, ಕೊನೆಯದು ರೊಟ್ಟಿ. ಕಾವಲಿಗೆ ನೀರು ಚಿಮುಕಿಸಿದರೆ ಹನಿ ಕುಣಿದು ಓಡಬೇಕು, ಆಗ ಎರೆಯಿರಿ. ಸೌಟಿನಿಂದ ಹರಡಬೇಡಿ, ಸುತ್ತ ಎರಚಿ ಬಿಡಿ. ಮುಚ್ಚಿ. ಅಂಚು ತಾನೇ ಬಿಟ್ಟುಕೊಳ್ಳುವ ತನಕ ಸಟ್ಟುಗ ಹಾಕಬೇಡಿ. ಮಗುಚುವುದೂ ಬೇಡ.

ನಿಮ್ಮಲ್ಲಿ ಗೋಬರ್ ಗ್ಯಾಸ್ ಒಲೆಯೋ? ಪತ್ರದಲ್ಲಿ ಬರೆದಿಲ್ಲ. ಅಡಕೆ ತೋಟದ ಮನೆಗಳಲ್ಲಿ ಅದು ಸಾಮಾನ್ಯ, ಅದಕ್ಕೆ ಕೇಳಿದೆ. ಮಳೆಗಾಲದಲ್ಲಿ ಅದರ ಉರಿ ಸೊರಗುತ್ತದೆ. ನಮ್ಮಲ್ಲಿ ಆಗ ಹಾಲು, ಕಾಫಿ, ಗಂಜಿಗೆ ಗೋಬರ್ ಗ್ಯಾಸು. ತೆಳ್ಳವು, ಅಂದರೆ ನೀರುದೋಸೆ, ಎರೆಯಲು ಸಿಲಿಂಡರಿನ ಒಲೆ.

ನಾನ್‌ಸ್ಟಿಕ್ ಬಗ್ಗೆ ಒಂದೇ ಮಾತು. ನೀರುದೋಸೆಗೆ ಕಾವಲಿ ಚುರುಚುರು ಕಾಯಬೇಕು. ನಾನ್‌ಸ್ಟಿಕ್ ಲೇಪ 260 ಡಿಗ್ರಿ ದಾಟಿದರೆ ಕೆಡಲು ಶುರು. ಖಾಲಿ ಕಾವಲಿ ಜೋರು ಉರಿಯಲ್ಲಿ ಅಷ್ಟು ಬಿಸಿಯಾಗಲು ಜಾಸ್ತಿ ಹೊತ್ತು ಬೇಡ.

ಪ್ರಶ್ನೆ: ಇಡ್ಲಿ, ಕೊಟ್ಟಿಗೆ (ಎಲೆಯಲ್ಲಿ ಕಟ್ಟಿದ ಕಡುಬು) ಬೇಯಿಸುವಾಗ ಅಟ್ಟಿನಳಗೆಯ (ಹಬೆಪಾತ್ರೆಯ) ನೀರು ಆರಿ ತಳ ಸೀದುಹೋಗುತ್ತದೆ. ಬಾಳೆಲೆಯ ಕೊಟ್ಟಿಗೆಗೆ ಹೊತ್ತು ಬೇಕಲ್ಲ, ಮರೆತೇ ಹೋಗುತ್ತದೆ.
(ಗೃಹಿಣಿ, ನೀರ್ಚಾಲು)

ಉತ್ತರ: ನೀರಿಗೆ ಒಂದು ತುಂಡು ಗೆರಟೆ (ತೆಂಗಿನ ಚಿಪ್ಪು) ಅಥವಾ ಸಣ್ಣ ಬೆಣಚುಕಲ್ಲು ಹಾಕಿ. ಕುದಿಯುವಷ್ಟು ಹೊತ್ತು ಕಟಕಟ ಅನ್ನುತ್ತದೆ. ಸದ್ದು ನಿಂತಿತೋ, ನೀರು ಮುಗಿಯಿತು. ಮೇಲಿಂದ ಹಾಕುವ ನೀರು ಬಿಸಿಯೇ ಇರಲಿ, ಇಲ್ಲದಿದ್ದರೆ ಹಬೆ ನಿಂತು ಕೊಟ್ಟಿಗೆ ಅರೆಬೆಂದದ್ದಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಈಗ ಒಬ್ಬನೇ. ಮಗಳು ಎರಡು ಲೀಟರಿನ ಟೇಬಲ್‌ಟಾಪ್ ಗ್ರೈಂಡರ್ ಕಳಿಸುತ್ತೇನೆ ಅನ್ನುತ್ತಾಳೆ. ಒಬ್ಬನ ಅಡುಗೆಗೆ ಅದು ಬೇಕೇ? ಬೇಗ ಆಗುವ ಮಧ್ಯಾಹ್ನದ ಮೇಲೋಗರ ಒಂದು ತಿಳಿಸಿ.
(ಹಿರಿಯ ಓದುಗರು, ಕಾಞಂಗಾಡ್)

ಉತ್ತರ: ಮಾಷ್ಟ್ರೇ, ಬೇಡ ಅಂತ ಮಗಳಿಗೆ ಇವತ್ತೇ ಹೇಳಿ. ಆ ಗ್ರೈಂಡರಿಗೆ ಕಲ್ಲು ಮುಟ್ಟುವಷ್ಟಾದರೂ ಅಕ್ಕಿ ಬೀಳಬೇಕು. ಒಬ್ಬರ ಪಾಲು ಹಾಕಿದರೆ ಗೋಡೆಗೆ ಅಂಟಿ ಕೂರುತ್ತದೆ. ಮತ್ತೆ ಆ ಕಲ್ಲನ್ನು ಎತ್ತಿ ತೊಳೆಯುವವರು ಯಾರು? ನಿಮಗೆ ಬೇಕಾದದ್ದು ಮಿಕ್ಸಿಯ ಅತಿ ಸಣ್ಣ ಜಾರು, ಚಟ್ನಿ ಜಾರು ಅಂತ ಸಿಗುತ್ತದಲ್ಲ, ಅದು. ಅದರ ಬ್ಲೇಡು ಹರಿತ ಇರಲಿ. ಅರೆಯುವಾಗ ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸವನೆ ಓಡಿಸಿದರೆ ಬಿಸಿಯಾಗಿ ತೆಂಗಿನಕಾಯಿ ಎಣ್ಣೆ ಬಿಡುತ್ತದೆ.

ಕಾಯಿ ಒಡೆದರೆ ಅವತ್ತೇ ಪೂರ್ತಿ ತುರಿದು, ಒಂದೊಂದು ಹೊತ್ತಿಗೆ ಬೇಕಾದಷ್ಟನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿ ಫ್ರೀಜರಿನಲ್ಲಿಡಿ. ಹೆರೆಮಣೆ ಮುಂದೆ ದಿನಾ ಕೂರುವ ಕೆಲಸ ಇಲ್ಲ.

ಮೇಲೋಗರಕ್ಕೆ ತಂಬುಳಿಯಷ್ಟು ಸುಲಭ ಯಾವುದೂ ಇಲ್ಲ. ಒಂದು ಹಿಡಿ ಒಂದೆಲಗ, ದಂಟು ಸಮೇತ ತೊಳೆದುಕೊಳ್ಳಿ. ತೋಟದ ಚರಂಡಿಯ ಬದಿಯಲ್ಲಿ ನೋಡಿ, ತುಳುವಿನವರು ತಿಮರೆ ಅನ್ನುತ್ತಾರೆ. ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳು ಒಳ್ಳೆಮೆಣಸನ್ನು (ಕರಿಮೆಣಸು) ತುಪ್ಪದಲ್ಲಿ ಹುರಿದು, ಎರಡು ಮೂರು ಚಮಚ ಕಾಯಿತುರಿ, ಸೊಪ್ಪು ಸೇರಿಸಿ ನುಣ್ಣಗೆ ಅರೆಯಿರಿ. ಒಂದು ಲೋಟ ಮಜ್ಜಿಗೆ, ಉಪ್ಪು. ಮೇಲೊಂದು ಒಗ್ಗರಣೆ. ಒಲೆಯ ಮೇಲೆ ಇಡುವುದೇ ಬೇಡ, ಮಜ್ಜಿಗೆ ಒಡೆಯುತ್ತದೆ. ಒಂದೆಲಗ ಸಿಗದ ದಿನ ಪೇರಳೆಯ (ಸೀಬೆಯ) ಚಿಗುರು, ಒಣಗಿದ ದಾಳಿಂಬೆ ಸಿಪ್ಪೆ, ಮೆಂತ್ಯ ಯಾವುದಾದರೂ ಆದೀತು. ಇವನ್ನು ಮಾತ್ರ ಹಸಿ ಹಾಕಬಾರದು, ತುಪ್ಪದಲ್ಲಿ ಹುರಿದೇ ಅರೆಯಬೇಕು. ದಾಳಿಂಬೆ ಸಿಪ್ಪೆಯಾದರೆ ಬೆರಳಗಲದ ತುಂಡು ಸಾಕು, ಜಾಸ್ತಿಯಾದರೆ ಒಗರು. ಕುಚ್ಚಿಲನ್ನಕ್ಕೆ ಕಲಸಿಕೊಂಡು, ಒಂದು ಸುಟ್ಟ ಹಪ್ಪಳ ನಂಜಿಕೊಳ್ಳಿ.

ಪ್ರಶ್ನೆ: ಮೇ ತಿಂಗಳಲ್ಲಿ ಭರಣಿಯಲ್ಲಿ ಹಾಕಿಟ್ಟ ಉಪ್ಪುಸೊಳೆಯ (ಉಪ್ಪಿನಲ್ಲಿಟ್ಟ ಹಲಸಿನಕಾಯಿ ಸೊಳೆಯ) ಮೇಲೆ ಬಿಳಿ ಪೊರೆ ಬಂದಿದೆ. ತೆಗೆದು ಬಿಸಾಡಬೇಕಾ? ಮನೆಯಲ್ಲಿ ಎಲ್ಲರೂ ಅದರಿಂದ ಮಾಡುವ ಕರಿದ ತಿಂಡಿ ಉಂಡ್ಲಕಾಳಿಗೆ ಕಾಯುತ್ತಿದ್ದಾರೆ.
(ಓದುಗರೊಬ್ಬರು, ಬದಿಯಡ್ಕ)

ಉತ್ತರ: ಬಿಸಾಡುವ ಮೊದಲು ಮೂಗು, ಕೈ ಎರಡೂ ಉಪಯೋಗಿಸಿ. ಬಿಳಿ ಪೊರೆ ತೆಳ್ಳಗೆ ಮೇಲೆ ಮಾತ್ರ ಇದ್ದು, ಕೆಳಗಿನ ಸೊಳೆ ಗಟ್ಟಿ ಇದ್ದು, ಉಪ್ಪು ಹುಳಿಯ ವಾಸನೆ ಮಾತ್ರ ಇದ್ದರೆ ಹೆದರಬೇಡಿ. ಗಾಳಿ ತಾಗಿದ ಕಡೆ ಆ ಪೊರೆ ಕಟ್ಟುತ್ತದೆ. ಪೊರೆಯನ್ನೂ ಮೇಲಿನ ಒಂದು ಸಾಲು ಸೊಳೆಯನ್ನೂ ತೆಗೆದು ಹಾಕಿ, ಭರಣಿಯ ಬಾಯಿ ಒರೆಸಿ, ಒಂದು ಹಿಡಿ ಹರಳುಪ್ಪು ಹಾಕಿ ಮತ್ತೆ ಮುಚ್ಚಿ. ಸೊಳೆ ಲೋಳೆಯಾಗಿದ್ದರೆ, ಕಪ್ಪು ಅಥವಾ ಗುಲಾಬಿ ಬಣ್ಣ ಕಂಡರೆ, ಕೊಳೆತ ನಾತ ಬಂದರೆ ಇಡೀ ಭರಣಿ ಗೊಬ್ಬರದ ಗುಂಡಿಗೆ. ಕಾಯುತ್ತಿರುವವರು ಬರುವ ವರ್ಷದ ತನಕ ಕಾಯಲಿ.

ಬರುವ ವರ್ಷಕ್ಕೆ ಲೆಕ್ಕ ಬರೆದಿಡಿ. ಬಲಿತ, ಆದರೆ ಹಣ್ಣಿನ ಪರಿಮಳ ಶುರುವಾಗದ ಕಾಯಿ. ಒಂದು ಕಿಲೋ ಬಿಡಿಸಿದ ಸೊಳೆಗೆ 200 ಗ್ರಾಂ ಹರಳುಪ್ಪು. ಸೊಳೆಯನ್ನು ತೊಳೆಯಬೇಡಿ, ಒಣ ಕೈಯಲ್ಲಿ ಉಪ್ಪು ಬೆರೆಸಿ ಒತ್ತಿ ಒತ್ತಿ ತುಂಬಿ. ಒಂದೆರಡು ದಿನದಲ್ಲಿ ಸೊಳೆ ತಾನೇ ನೀರು ಬಿಡುತ್ತದೆ. ಆ ನೀರು ಸೊಳೆಯ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಉಪ್ಪುನೀರು ಕುದಿಸಿ ಆರಿಸಿ ಹಾಕಿ. ಮೇಲೆ ಬಾಡಿಸಿದ ಬಾಳೆಲೆ, ಅದರ ಮೇಲೆ ತೊಳೆದು ಒಣಗಿಸಿದ ಭಾರದ ಕಲ್ಲು. ಕೆಲವರು ಕಲ್ಲು ಇಡುವುದಿಲ್ಲ, ಆಮೇಲೆ ಉಪ್ಪಿನ ಕಂಪೆನಿಗೆ ಬೈಯುತ್ತಾರೆ.

ಉಂಡ್ಲಕಾಳಿನ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಎಣ್ಣೆಯಲ್ಲಿ ಸಿಡಿಯುವ ಕಥೆ ಪ್ರತಿ ಮಳೆಗಾಲದ ಆಟಿ ತಿಂಗಳಲ್ಲೂ ಕೇಳುತ್ತೇನೆ. ಸೊಳೆಯನ್ನು ಇಡೀ ರಾತ್ರಿ ನೀರಿನಲ್ಲಿಟ್ಟು, ನೀರು ಬದಲಿಸಿ, ಉಪ್ಪು ಬಿಡಿಸಿ. ಆಮೇಲೆ ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಇಲ್ಲೇ ಎಲ್ಲರ ಕೈ ಸೋಲುವುದು. ನೀರು ಉಳಿದರೆ ಎಣ್ಣೆಗೆ ಬಿದ್ದ ಕೂಡಲೇ ಒಳಗೆ ಹಬೆಯಾಗಿ, ಹೊರಗಿನ ಗಟ್ಟಿ ಪದರ ಒಡೆದು ಸಿಡಿಯುತ್ತದೆ. ನೆನೆದ ಅಕ್ಕಿ, ಕಾಯಿ, ಜೀರಿಗೆ ಜೊತೆ ನೀರು ಹಾಕದೆ ಗಟ್ಟಿಯಾಗಿ ಅರೆಯಿರಿ. ಈ ಕೆಲಸಕ್ಕೆ ಮಿಕ್ಸಿ ಒದ್ದಾಡುತ್ತದೆ, ಅರೆಯುವ ಕಲ್ಲೋ ಗ್ರೈಂಡರೋ ಇದ್ದವರೇ ಭಾಗ್ಯವಂತರು. ಕಡಲೆಕಾಳಿನ ಗಾತ್ರದ ಉಂಡೆ ಕಟ್ಟಿ, ಬಟ್ಟೆಯ ಮೇಲೆ ಒಂದಷ್ಟು ಹೊತ್ತು ಆರಲು ಬಿಟ್ಟು, ಮಧ್ಯಮ ಉರಿಯಲ್ಲಿ ಗರಿಗರಿಯಾಗುವ ತನಕ ಎಣ್ಣೆಯಲ್ಲಿ ಕರಿಯಿರಿ. ಅವಸರ ಮಾಡಿದರೆ ಹೊರಗೆ ಕೆಂಪು, ಒಳಗೆ ಹಿಟ್ಟು.

ಪ್ರಶ್ನೆ: ಸ್ವಂತ ತೋಟದ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸಿದ್ದೇವೆ. ಸ್ವಲ್ಪ ಸಮಯದಲ್ಲೇ ಕಮಟು ವಾಸನೆ. ಗಾಣದವರು ಮೋಸ ಮಾಡಿದರಾ?
(ಕೃಷಿಕರು, ಪೆರ್ಲ)

ಉತ್ತರ: ಮೋಸ ಅಂತ ಹೇಳುವ ಮೊದಲು ಕೊಬ್ಬರಿಯನ್ನು ನೋಡಬೇಕಿತ್ತು. ಒಣಗಿದ ಕೊಬ್ಬರಿಯಲ್ಲಿ ತೇವ ನೂರಕ್ಕೆ 6ರಷ್ಟು ಮಾತ್ರ ಇರಬೇಕು. ಮುರಿದರೆ ಟಕ್ ಅಂತ ಸದ್ದು ಬರಬೇಕು, ಬಾಗಬಾರದು. ಮೋಡದ ದಿನಗಳಲ್ಲಿ ಒಣಗಿಸಿದ್ದರೆ ಅಲ್ಲೇ ಬೂಸು ಹಿಡಿದಿರುತ್ತದೆ. ಕಾಸರಗೋಡಿನ ಕುಡ್ಲುವಿನಲ್ಲಿ 1916ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರವೇ ಇವತ್ತಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ). ಗೆರಟೆ ಉರಿಸಿ ಕೊಬ್ಬರಿ ಒಣಗಿಸುವ ಡ್ರೈಯರುಗಳನ್ನು ಅವರು ಮಾಡಿದ್ದಾರೆ. ಇಷ್ಟು ಹತ್ತಿರ ಇದ್ದೂ ನಾವು ಹೋಗಿ ಕೇಳುವುದಿಲ್ಲ. ಹೊಸ ಎಣ್ಣೆಯನ್ನು ಎರಡು ದಿನ ಬಿಸಿಲಿಗಿಟ್ಟು, ತಳದ ಗಸಿ ಬಿಟ್ಟು ಸೋಸಿ, ಪೂರ್ತಿ ಒಣಗಿದ ಪಾತ್ರೆಯಲ್ಲಿ ಕಂಠದ ತನಕ ತುಂಬಿ ಕತ್ತಲೆಯಲ್ಲಿಡಿ. ಕಮಟಾದದ್ದು ಮತ್ತೆ ಸರಿಯಾಗುವುದಿಲ್ಲ. ದೀಪಕ್ಕೆ ಉಪಯೋಗಿಸಿ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಬರೀ ಸೊಪ್ಪು ತರಕಾರಿ. ನಮ್ಮಲ್ಲಿ ಮಣ್ಣಿನ ಪಾತ್ರೆಯಲ್ಲಿ ಮೀನು ಸಾರು ಮಾಡುತ್ತೇವೆ. ಹೊಸ ಪಾತ್ರೆ ತಂದರೆ ಬಿರುಕು ಬಿಡುತ್ತದೆ, ಮಣ್ಣಿನ ವಾಸನೆ ಬೇರೆ. ಇದಕ್ಕೂ ಉತ್ತರ ಕೊಡುತ್ತೀರಾ?
(ಓದುಗರೊಬ್ಬರು, ಮಂಜೇಶ್ವರ)

ಉತ್ತರ: ಮೀನಿನ ಹದ ನನಗೆ ತಿಳಿಯದು, ಅದನ್ನು ನಿಮ್ಮಿಂದಲೇ ಕೇಳಬೇಕು. ಮಣ್ಣಿನ ಪಾತ್ರೆ ಮಾತ್ರ ಎಲ್ಲರಿಗೂ ಒಂದೇ. ಹೊಸತನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಡಿ. ಮರುದಿನ ಅದರಲ್ಲಿ ಕುಚ್ಚಿಲಕ್ಕಿಯ ತೆಳಿ ತುಂಬಿ ಸಣ್ಣ ಬೆಂಕಿಯಲ್ಲಿ ಕುದಿಸಿ, ಅಲ್ಲೇ ಆರಲಿ. ಎರಡು ಮೂರು ಸಲ ಹೀಗೆ ಮಾಡಿದರೆ ಗಂಜಿಯ ಪಿಷ್ಟ ಸಣ್ಣ ಸಣ್ಣ ತೂತುಗಳನ್ನು ತುಂಬುತ್ತದೆ, ವಾಸನೆಯೂ ಹೋಗುತ್ತದೆ. ಖಾಲಿ ಪಾತ್ರೆಯನ್ನು ಬೆಂಕಿಗೆ ಇಡಬಾರದು. ಕಾದ ಪಾತ್ರೆಗೆ ತಣ್ಣೀರು ಹೊಯ್ಯಬಾರದು, ಕಡಪ ಕಲ್ಲಿನ ಮೇಲೆ ಇಳಿಸಬಾರದು. ಬಿರುಕು ಬಿಡುವುದು ಅಲ್ಲಿ. ಸಾಬೂನು ಬೇಡ, ಮಣ್ಣು ಅದನ್ನು ಕುಡಿಯುತ್ತದೆ. ಬಿಸಿನೀರು, ತೆಂಗಿನ ನಾರು ಸಾಕು. ಸಸ್ಯಾಹಾರದ ಪಾತ್ರೆ ಬೇರೆ ಇಡಿ, ಜಾತಿಯ ಮಾತಲ್ಲ, ಪಾಯಸಕ್ಕೆ ಬಂಗುಡೆಯ ಪರಿಮಳ ಯಾರಿಗೂ ಬೇಡ.

ಪ್ರಶ್ನೆ: ಅಟ್ಟದಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆಗಳಿವೆ. ಈಗ ಎಲ್ಲರೂ ಅದರಲ್ಲಿ ಅಡುಗೆ ಒಳ್ಳೆಯದು ಅನ್ನುತ್ತಾರೆ. ಹಾಗೇ ತೊಳೆದು ಉಪಯೋಗಿಸಬಹುದಾ?
(ಗೃಹಿಣಿ, ಉಪ್ಪಳ)

ಉತ್ತರ: ಕಲಾಯಿ (ಒಳಗಿನ ತವರದ ಲೇಪ) ಇಲ್ಲದೆ ಬೇಡವೇ ಬೇಡ. ಹುಣಸೆಹುಳಿ, ಮಜ್ಜಿಗೆ, ಟೊಮೆಟೊ ತಾಗಿದರೆ ತಾಮ್ರ, ಸತು ಕರಗಿ ಅಡುಗೆಗೆ ಸೇರುತ್ತದೆ. ಒಳಗೆ ಹಳದಿ ಕಾಣಿಸಿದರೆ ಕಲಾಯಿ ಹೋಗಿದೆ ಅಂತಲೇ ಲೆಕ್ಕ. ಕಲಾಯಿ ಹಾಕುವವರಿಗೆ ಕೊಡುವಾಗ ಸೀಸ ಬೆರೆಸದ ಶುದ್ಧ ತವರವೇ ಬೇಕು ಅಂತ ಹೇಳಿ, ಎದುರು ನಿಂತು ನೋಡಿ. ತವರ 232 ಡಿಗ್ರಿಗೆ ಕರಗುತ್ತದೆ. ಹಾಗಾಗಿ ಕಲಾಯಿ ಪಾತ್ರೆಯನ್ನು ಖಾಲಿ ಕಾಯಿಸಬಾರದು, ಅದರಲ್ಲಿ ಹುರಿಯುವುದು, ಎಣ್ಣೆಯಲ್ಲಿ ಕರಿಯುವುದು ಬೇಡ. ಕೊದಿಲು (ನಮ್ಮ ಕಡೆಯ ಸಾಂಬಾರು), ಪಾಯಸಕ್ಕೆ ಚಂದ. ಮಾಡಿದ್ದನ್ನು ಬೇರೆ ಪಾತ್ರೆಗೆ ಬಗ್ಗಿಸಿಡಿ.

ಪ್ರಶ್ನೆ: ಮನೆಯಲ್ಲೇ ಬೆಳೆದ ಸೌತೆಕಾಯಿ. ಬೋಳು ಕೊದಿಲು (ಕಾಯಿ ಅರೆದು ಹಾಕದ ಸಾಂಬಾರು) ಮಾಡಿದರೆ ಕಹಿಯೋ ಕಹಿ. ಕಹಿ ತೆಗೆಯುವ ಉಪಾಯ ಉಂಟಾ?
(ಓದುಗರೊಬ್ಬರು, ಆದೂರು)

ಉತ್ತರ: ಉಪಾಯ ಇಲ್ಲ, ಹುಡುಕಬೇಡಿ. ಸೌತೆ, ಸೋರೆ, ಪಡುವಲದಲ್ಲಿ ಒಮ್ಮೊಮ್ಮೆ ಬರುವ ಆ ಕಹಿ ಹಾಗಲಕಾಯಿಯ ಕಹಿಯಂಥದ್ದಲ್ಲ, ಹೊಟ್ಟೆಗೆ ವಿಷ. ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ ಹಿಡಿದರೆ ಆಸ್ಪತ್ರೆಗೇ ಓಡಬೇಕು. ಇನ್ನು ಮುಂದೆ ಹೆಚ್ಚುವ ಮೊದಲು ತೊಟ್ಟಿನ ಬದಿಯಿಂದ ತೆಳು ಹೋಳು ತೆಗೆದು ನಾಲಿಗೆಗೆ ಮುಟ್ಟಿಸಿ, ಕಹಿ ಇದ್ದರೆ ಉಗಿದು ಬಾಯಿ ತೊಳೆಯಿರಿ. ಆ ಕಾಯಿಯ ಬೀಜವನ್ನೂ ಇಟ್ಟುಕೊಳ್ಳಬೇಡಿ. ಮಾಡಿಟ್ಟ ಕೊದಿಲಿಗೆ ಬೆಲ್ಲ ಹಾಕಿ ಸರಿಮಾಡಲು ಹೋಗದೆ ತೆಂಗಿನ ಬುಡಕ್ಕೆ ಚೆಲ್ಲಿ. ದನದ ಬಾನಿಗೂ ಬೇಡ.